ಮೀನಿಗೊಂದು ಕೂಲರ್

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ಕಡೆ ಸರ್ಕಾರವೂ ಬಿಸಿಲಿಗೆ ಅಂಜುತ್ತದೆ. ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆಮೇಲೆ ಊರೆಲ್ಲ ಕದ ಮುಂದೆ ಮಾಡಿಕೊಂಡು ಕೂಲರ್ ಎದುರು ಅಡ್ಡಾಗುತ್ತದೆ. ಶಹಾಬಾದ್ ಕಲ್ಲಿನ ನೆಲಕ್ಕೆ ನೀರು ಚೆಲ್ಲಿ, ಅದರ ಮೇಲೆ ಬರಿಮೈಯಲ್ಲಿ ಹೊರಳಾಡಿ ಬೆಳೆದವರು ನಾವು. ಮನುಷ್ಯರಾದರೆ ಹೀಗೆ ಏನಾದರೊಂದು ದಾರಿ ಕಂಡುಕೊಳ್ಳುತ್ತೇವೆ. ಗಾಜಿನ ತೊಟ್ಟಿಯೊಳಗಿನ ಮೀನು ಎಲ್ಲಿಗೆ ಹೋಗಬೇಕು?

ಇದು ಕೆಲವು ವರ್ಷಗಳ ಹಿಂದಿನ ಮಾತು. ಮಗಳ ಹಟಕ್ಕೆ ಮನೆಗೆ ಅಕ್ವೇರಿಯಂ ಬಂದಿತ್ತು. 3 ಅಡಿ ಉದ್ದ, 1 ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ತಳದ ಹರಳುಗಳನ್ನು ಬಿಟ್ಟರೆ ಹತ್ತಿರ ಹತ್ತಿರ 100 ಲೀಟರ್ ನೀರು. ಅದರೊಳಗೆ ನಾಲ್ಕು ಗೋಲ್ಡ್ ಫಿಶ್. ಎರಡು ಸಾದಾ, ಇನ್ನೆರಡು ಒರಾಂಡಾ ಜಾತಿಯವು, ನೆತ್ತಿಯ ಮೇಲೆ ಮಾಂಸದ ಗಂಟು ಹೊತ್ತು ಗತ್ತಿನಿಂದ ಓಡಾಡುವಂಥವು. ದೊಡ್ಡ ಒರಾಂಡಾಕ್ಕೆ ನಮ್ಮ ಕಾಕಾ ‘ಪೈಲ್ವಾನ’ ಎಂದು ಹೆಸರಿಟ್ಟಿದ್ದರು.

ಗೋಲ್ಡ್ ಫಿಶ್ ಅಂದರೆ ಗಟ್ಟಿ ಜೀವ, ಎಲ್ಲಿಟ್ಟರೂ ಬದುಕುತ್ತದೆ ಎಂದು ಹೇಳಿಯೇ ಅಂಗಡಿಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಡುತ್ತಾರೆ. ಸುಳ್ಳಲ್ಲ. ಆದರೆ ಚೀನಾದವರು ಸಾವಿರ ವರ್ಷದಿಂದ ಕೊಳಗಳಲ್ಲಿ ಸಾಕುತ್ತ, ಬಣ್ಣ ಆಕಾರ ತಿದ್ದುತ್ತ ಬಂದ ಈ ಮೀನು ಮೂಲದಲ್ಲಿ ತಣ್ಣೀರಿನದು. 18ರಿಂದ 22 ಡಿಗ್ರಿಯಲ್ಲಿ ಆರಾಮವಾಗಿರುತ್ತದೆ. ಉದ್ದ ಮೈಯ ಸಾದಾ ಮೀನು ಸ್ವಲ್ಪ ಹೆಚ್ಚಿನ ಶಾಖವನ್ನೂ ತಡೆದೀತು. ಮೈ ಗುಂಡಗೆ ಮಾಡಿಸಿಕೊಂಡ ಒರಾಂಡಾದಂಥವು ಬೇಗ ಸೋಲುತ್ತವೆ.

ಆ ವರ್ಷ ಏಪ್ರಿಲ್ ಅರ್ಧ ಕಳೆಯುವ ಮೊದಲೇ ಬಿಸಿಲು 42 ಮುಟ್ಟಿತು. ಒಂದು ಮಧ್ಯಾಹ್ನ ಮಗಳು ಬಂದು ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು.

“ಅಪ್ಪಾ, ಮೀನಾ ಎಲ್ಲಾ ಮ್ಯಾಲ ಬಂದು ನಿಂತಾವ ನೋಡು.”

ಹೋಗಿ ನೋಡಿದೆ. ನಾಲ್ಕೂ ನೀರಿನ ಮೇಲ್ಪದರಕ್ಕೆ ಮೂತಿ ಹಚ್ಚಿ ನಿಂತಿದ್ದವು. ಬಾಯಿ ದುಂಡಗೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ತುಟಿಯಂಚಿಗೆ ಒಂದೊಂದು ಸಣ್ಣ ಗುಳ್ಳೆ ಅಂಟಿಕೊಂಡು ಒಡೆಯುತ್ತಿತ್ತು. ಕಿವಿರಿನ ಮುಚ್ಚಳ ಲೆಕ್ಕಕ್ಕೆ ಸಿಗದಷ್ಟು ವೇಗವಾಗಿ ಬಡಿದುಕೊಳ್ಳುತ್ತಿತ್ತು. ಪೈಲ್ವಾನ ಒಂದು ಮೂಲೆ ಹಿಡಿದು ಓರೆಯಾಗಿ ತೇಲುತ್ತಿದ್ದ. ಗಾಜಿಗೆ ಅಂಟಿಸಿದ್ದ ಥರ್ಮಾಮೀಟರು 33 ತೋರಿಸುತ್ತಿತ್ತು. ಗಾಳಿ ಗುಳ್ಳೆಯ ಪಂಪು ತನ್ನ ಪಾಡಿಗೆ ಗುರ್ರೆನ್ನುತ್ತಿತ್ತು.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಇಳಿದದ್ದು ಇಷ್ಟೇ ತಾನೆ ಎನ್ನುವ ಹಾಗಿಲ್ಲ. ಮೀನು ತಣ್ಣನೆ ರಕ್ತದ ಪ್ರಾಣಿ, ಸುತ್ತಲ ನೀರು 10 ಡಿಗ್ರಿ ಏರಿದರೆ ಅದರ ದೇಹದ ವ್ಯವಹಾರ ಸುಮಾರು ಎರಡು ಪಟ್ಟು ಚುರುಕಾಗುತ್ತದೆ, ಉಸಿರೂ ಅಷ್ಟೇ ಹೆಚ್ಚು ಬೇಕು. ಸಿಗುವುದು ಕಡಿಮೆ, ಬೇಕಾಗುವುದು ಹೆಚ್ಚು. ಇದರ ಜೊತೆಗೆ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾದ ವಿಷದ ಪಾಲೂ ಶಾಖದೊಂದಿಗೆ ಏರುತ್ತದೆ. ನಮ್ಮದು ಸುಣ್ಣದಕಲ್ಲಿನ ಸೀಮೆ, ಬೋರಿನ ನೀರು ಗಡಸು, ಕ್ಷಾರ; ಕ್ಷಾರ ನೀರಿನಲ್ಲಿ ಈ ವಿಷ ಇನ್ನೂ ಜೋರು.

ಮೊದಲ ಉಪಾಯ ಎಲ್ಲರೂ ಮಾಡುವಂಥದ್ದೇ. ಬಾಟಲಿಯಲ್ಲಿ ನೀರು ತುಂಬಿ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ, ಬಾಟಲಿ ಸಮೇತ ತೊಟ್ಟಿಗೆ ತೇಲಿಬಿಡುವುದು. ಅವ್ವನಿಗೆ ಇದು ಮೊದಲ ದಿನದಿಂದಲೇ ಸರಿಬರಲಿಲ್ಲ. ಐಸಿನ ಖಾನೆ ತುಂಬ ಮೀನಿನ ಬಾಟಲಿಗಳೇ ಕೂತು ಬಂದವರಿಗೆ ಒಂದು ಲೋಟ ಶರಬತ್ತು ಮಾಡಿ ಕೊಡಲಿಕ್ಕೂ ಐಸ್ ಇಲ್ಲದಂತಾಯಿತು. “ಮಂದಿಗೇ ದಿಕ್ಕಿಲ್ಲ, ಮೀನಿಗಿ ಐಸ್ ಅಂತ” ಎಂದು ಗೊಣಗುತ್ತ ಮಾಳಿಗೆಯ ಮೇಲೆ ಶಂಡಿಗೆ ಹಾಕಲು ಹೋಗುತ್ತಿದ್ದಳು.

ಲೆಕ್ಕ ಹಾಕಿದರೆ ಅವ್ವನ ಮಾತೇ ಸರಿ. ಒಂದು ಕಿಲೋ ಐಸ್ ಪೂರ್ತಿ ಕರಗಿ ತೊಟ್ಟಿಯ ನೀರಿನ ಶಾಖಕ್ಕೆ ಬರುವಷ್ಟರಲ್ಲಿ 100 ಲೀಟರ್ ನೀರನ್ನು ಇಳಿಸುವುದು ಒಂದು ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೇ. ಮಧ್ಯಾಹ್ನ ಕರೆಂಟ್ ಹೋದರೆ ಗಡ್ಡೆಯೇ ಕಟ್ಟುವುದಿಲ್ಲ. ಹೆಚ್ಚು ಬಾಟಲಿ ಹಾಕಿದರೆ ನೀರು ಸರ್ರನೆ ಇಳಿದು, ಐಸು ಮುಗಿದ ಮೇಲೆ ಮತ್ತೆ ಏರುತ್ತದೆ. ಮೀನಿಗೆ ಬಿಸಿಗಿಂತ ಈ ಏರಿಳಿತವೇ ಕೇಡು.

ಆಗ ಅಕ್ಕನ ಮಗ ರಜೆಗೆ ಬಂದಿದ್ದ. ಎಂಜಿನಿಯರಿಂಗ್ ಓದುವ ಹುಡುಗ, ಎಲ್ಲದಕ್ಕೂ ಒಂದು ಪಾರ್ಸೆಲ್ ತರಿಸುವವನು. ಪೆಲ್ಟಿಯರ್ ಎಂಬ ಬಿಲ್ಲೆ ತರಿಸಿದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಅಗಲದ ಬಿಳಿ ಬಿಲ್ಲೆ. 12 ವೋಲ್ಟ್ ಕರೆಂಟ್ ಕೊಟ್ಟರೆ ಒಂದು ಮುಖ ಮಂಜು ಕಟ್ಟುತ್ತದೆ, ಇನ್ನೊಂದು ಮುಖ ಬೆರಳು ಸುಡುತ್ತದೆ. ನೋಡಲಿಕ್ಕೆ ಗಾರುಡಿ ವಿದ್ಯೆಯೇ. ಮಗಳು ಚಪ್ಪಾಳೆ ತಟ್ಟಿದಳು. ಕಾಕಾ ಮಾತ್ರ ಕನ್ನಡಕದ ಮೇಲಿಂದ ನೋಡಿ ಕೇಳಿದರು:

“ಇದು ಎಷ್ಟು ವ್ಯಾಟಿನ ಶಾಖ ಎತ್ತತದ?”

“ಬಾಳಂದ್ರ 30 ವ್ಯಾಟ್, ಅಜ್ಜಾ.”

“ತಿನ್ನೋದು?”

“60ರ ಸುತ್ತಮುತ್ತ.”

ಕಾಕಾ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಲೆಕ್ಕ ಬರೆದರು. 100 ಲೀಟರ್ ನೀರು ಒಂದು ಡಿಗ್ರಿ ಇಳಿಯಬೇಕಾದರೆ ಸುಮಾರು 4 ಗಂಟೆ. ಅದೂ ಹೊರಗಿನಿಂದ ಒಂದಿಷ್ಟೂ ಶಾಖ ಒಳಗೆ ಬರದಿದ್ದರೆ. ತಿಂದ 60, ಎತ್ತಿದ 30, ಎರಡೂ ಸೇರಿ ಮತ್ತೆ ಅದೇ ಕೋಣೆಗೇ ಬಿಸಿಯಾಗಿ ಬಂದು ಬೀಳುತ್ತವೆ. “ಇದು ಬ್ಯಾಡಪ್ಪ” ಎಂದು ಬಿಲ್ಲೆಯನ್ನು ಡಬ್ಬಿಗೆ ಹಾಕಿಸಿದರು. ಅಕ್ವೇರಿಯಂಗೆಂದೇ ಬರುವ ಚಿಲ್ಲರ್ ಯಂತ್ರದ ಬೆಲೆ ವಿಚಾರಿಸಿದೆವು. ಮೀನು, ತೊಟ್ಟಿ, ಸ್ಟ್ಯಾಂಡು ಎಲ್ಲ ಸೇರಿದ್ದಕ್ಕಿಂತ ಹಲವು ಪಟ್ಟು. ಆ ಮಾತು ಅಲ್ಲಿಗೇ ನಿಂತಿತು.

ನಮ್ಮ ಕಾಕಾನ ಬಗ್ಗೆ ಹೇಳಬೇಕು. ಅಪ್ಪನ ತಮ್ಮ. ವಾಡಿ ಕಡೆ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕಾರ್ಖಾನೆಯ ಸ್ವಂತ ವಿದ್ಯುತ್ ಘಟಕದಲ್ಲಿ, ಕೂಲಿಂಗ್ ಟವರಿನ ಬುಡದಲ್ಲಿ ಅವರ ಅರ್ಧ ಆಯುಷ್ಯ ಕಳೆದಿತ್ತು. ಬಿಸಿ ನೀರನ್ನು ಮೇಲಿಂದ ಮಳೆಯಾಗಿ ಸುರಿಸಿ, ಕೆಳಗಿಂದ ಗಾಳಿ ನುಗ್ಗಿಸಿ, ಮಳೆಯ ಒಂದು ಪಾಲು ಆವಿಯಾಗುವಾಗ ಉಳಿದ ನೀರು ತಣ್ಣಗಾಗುವ ವ್ಯವಸ್ಥೆ ಅದು. ಅಷ್ಟು ದಿನ ಅವರು ಸುಮ್ಮನಿದ್ದುದು ಹುಡುಗರ ಉತ್ಸಾಹಕ್ಕೆ ಅಡ್ಡ ಬರಬಾರದೆಂದು ಕಾಣುತ್ತದೆ. ಪೆಲ್ಟಿಯರ್ ಡಬ್ಬಿ ಸೇರಿದ ಸಂಜೆ ತಮ್ಮ ಟ್ರಂಕಿನಿಂದ ಗಾಜಿನ ಥರ್ಮಾಮೀಟರ್ ತೆಗೆದರು. ಹಳೆಯ ಧೋತರದಿಂದ ಎರಡು ಬೆರಳಗಲದ ಚೂರು ಹರಿದರು. ಅದನ್ನು ನೀರಲ್ಲಿ ಅದ್ದಿ, ಥರ್ಮಾಮೀಟರಿನ ಬುರುಡೆಗೆ ಸುತ್ತಿ, ದಾರ ಕಟ್ಟಿ, ಟೇಬಲ್ ಫ್ಯಾನಿನ ಎದುರು ಹಿಡಿದು ಕುಂತರು. ಕೋಣೆಯ ಗಾಳಿ 37 ಇತ್ತು. ಒದ್ದೆ ಬಟ್ಟೆಯೊಳಗಿನ ಪಾದರಸ ನಮ್ಮ ಕಣ್ಣೆದುರೇ ಜಾರತೊಡಗಿತು. 33, 29, 25. ಕೊನೆಗೆ 21ರ ಹತ್ತಿರ ಬಂದು ನಿಂತುಬಿಟ್ಟಿತು. ಫ್ಯಾನಿನ ವೇಗ ಹೆಚ್ಚಿಸಿದರೂ ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

“ನೋಡು ತಮ್ಮಾ” ಎಂದರು ಕಾಕಾ. “ನಮ್ಮೂರ ಗಾಳಿಗಿ ನೀರಡಿಕಿ ಆಗ್ಯದ. ಎಲ್ಲಿ ಹಸಿ ಕಂಡ್ರೂ ಕುಡಿಲತ್ತದ. ಕುಡೀಲಿ ಬಿಡು. ಕುಡಿಯೋ ಮುಂದ ಶಾಖಾನೂ ತಗೊಂಡೇ ಹೋಗ್ತದ. ಇಲ್ಲಿ 21ಕ್ಕ ಅದರ ಹೊಟ್ಟಿ ತುಂಬ್ತು. ಟವರಿನ್ಯಾಗ ಅಷ್ಟರ ತನಕ ಇಳಿಯಂಗಿಲ್ಲ, ನಾಕೈದು ಡಿಗ್ರಿ ಮ್ಯಾಲೇ ನಿಂದರತದ. ಅಂದ್ರ 25, 26. ಪೈಲ್ವಾನಗ ಅಷ್ಟು ಸಾಕು.”

ಇಡೀ ಕಥೆಯಲ್ಲಿ ನನಗೆ ಇಂದಿಗೂ ಹೆಚ್ಚು ಬೆರಗು ಹುಟ್ಟಿಸುವುದು ಆ ಧೋತರದ ಚೂರು. ಊರಿಗೆ ಊರೇ ಬೈಯುವ ಆ ಒಣ ಝಳವೇ ತಂಪಿನ ಬಂಡವಾಳ ಎಂದು ಅದು ತೋರಿಸಿಕೊಟ್ಟಿತು. ಒಂದು ಲೀಟರ್ ನೀರು ಆವಿಯಾಗಬೇಕಾದರೆ ಸುಮಾರು 2400 ಕಿಲೋಜೂಲ್ ಶಾಖ ಬೇಕು. ಆ ಶಾಖವನ್ನೆಲ್ಲ ತೊಟ್ಟಿಯ ನೀರೇ ಕೊಡುವುದಾದರೆ 100 ಲೀಟರ್ ನೀರು ಹತ್ತಿರ ಹತ್ತಿರ 6 ಡಿಗ್ರಿ ಇಳಿಯುತ್ತದೆ. ಅವ್ವನ ಫ್ರಿಜ್ಜಿನ ಒಂದು ಕಿಲೋ ಐಸ್ ಮಾಡುತ್ತಿದ್ದುದು ಒಂದು ಡಿಗ್ರಿ.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಅಯ್ಯ, ಇದು ನನ್ನ ನೀರಿನ ಗಡಗಿ ಮಾಡೋ ಕೆಲಸಲ್ಲಾ?” ಎಂದಳು. ಅದೇ ಕೆಲಸ. ಗಡಿಗೆಯ ಮೈಯಿಂದ ಒಸರಿದ ನೀರು ಆರುವಾಗ ಒಳಗಿನದು ತಣ್ಣಗಾಗುತ್ತದೆ. ಮೀನನ್ನು ಗಡಿಗೆಯಲ್ಲಿ ಸಾಕುವಂತಿಲ್ಲ, ಅಷ್ಟೇ ವ್ಯತ್ಯಾಸ.

ಮರುದಿನ ಗಂಜ್ ಕಡೆಯ ಕೂಲರ್ ರಿಪೇರಿ ಚಾಚಾನ ಅಂಗಡಿಗೆ ಹೋದೆವು. ಸೀಜನ್ನಿನ ಹೊತ್ತು, ಅಂಗಡಿಯ ಮುಂದೆ ಬಿಚ್ಚಿ ಹಾಕಿದ ತಗಡಿನ ಡಬ್ಬಗಳು, ಹಳೇ ಹುಲ್ಲಿನ ಪ್ಯಾಡುಗಳ ರಾಶಿ. ಮೀನಿಗೆ ಕೂಲರ್ ಎಂದು ಕೇಳಿ ಚಾಚಾ ಮೊದಲು ನಕ್ಕರು. ಆಮೇಲೆ ಗಂಭೀರವಾಗಿ ಕಟ್ಟಿಗೆಯ ಎಳೆಯ ಹುಲ್ಲು ಕೊಟ್ಟರು. ಕಾಕಾ ಅದನ್ನು ತಂದು ರಾತ್ರಿಯಿಡೀ ಬಕೀಟಿನಲ್ಲಿ ನೆನೆ ಹಾಕಿದರು. ಬೆಳಿಗ್ಗೆ ನೀರು ಕಂದು ಬಣ್ಣಕ್ಕೆ ತಿರುಗಿತ್ತು, ಮರದ ವಾಸನೆ ಬೇರೆ. ಜೇನುಗೂಡಿನ ಪ್ಯಾಡೂ ಬೇಡವೆಂದರು. ಕಾಗದಕ್ಕೆ ಯಾವ ಅಂಟು ಬಳಿದಿರುತ್ತಾರೋ, ಅದರ ಮೇಲೆ ಹರಿದ ನೀರು ಮೀನಿನ ಕಿವಿರಿಗೆ ಹೋಗುವುದು. ತಾಮ್ರದ ಕೊಳವೆಯ ಸುರುಳಿ ಫ್ರಿಜ್ಜಿನಲ್ಲಿಟ್ಟು ನೀರು ಹರಿಸಬಹುದಲ್ಲ ಎಂದು ನಾನು ಅಂದಾಗ ತಲೆ ಅಲ್ಲಾಡಿಸಿದರು. ನೀರಿಗೆ ಬಿಟ್ಟುಕೊಂಡ ತಾಮ್ರ ಮೀನಿಗೆ ವಿಷ.

ಚಾಚಾನಿಂದ ತಂದದ್ದರಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಒಂದು ಎಚ್ಚರಿಕೆ ಮಾತ್ರ. ಅವರು ಕೂಲರಿನ ಹಳೆಯ ಪಂಪೊಂದನ್ನು ಅಂಗೈಯಲ್ಲಿಟ್ಟು ತೋರಿಸಿದರು. 230 ವೋಲ್ಟಿನ ಪಂಪು. ತಂತಿ ಒಳಹೊಕ್ಕುವ ಜಾಗದಲ್ಲಿ ರಬ್ಬರು ಬಿಸಿಗೆ ಬಿರಿದು, ಒಳಗಿನ ತಾಮ್ರದ ಎಳೆ ಕೂದಲಿನಷ್ಟು ಸಣ್ಣಗೆ ಮಿಂಚುತ್ತಿತ್ತು. “ಇಷ್ಟೇ ನೋಡ್ರಿ ಸರ್. ಹರ್ ಸಾಲ್ ಯಾರರೆ ಒಬ್ಬರು ಕೂಲರಿಗಿ ಕೈ ಹಚ್ಚಿ ಹೋಗ್ತಾರ. ಹಸಿ ಕೈ, ಹಸಿ ನೆಲ, ಅರ್ಥಿಂಗ್ ಇಲ್ಲ.” ಅದನ್ನು ನೋಡಿದ ಮೇಲೆ ಕಾಕಾ ತೀರ್ಮಾನಿಸಿಬಿಟ್ಟರು: ನೀರಿನ ಹತ್ತಿರ ಸುಳಿಯುವುದೆಲ್ಲ 12 ವೋಲ್ಟಿನದೇ ಆಗಬೇಕು.

ಕೆಲಸ ಶುರುವಾಯಿತು. ಇಪ್ಪತ್ತು ಲೀಟರಿನ ಹಳೆಯ ನೀರಿನ ಕ್ಯಾನ್ ಒಂದನ್ನು ತಲೆಕೆಳಗಾಗಿ ನಿಲ್ಲಿಸಿ, ಈಗ ಮೇಲೆ ಬಂದ ತಳವನ್ನು ಗರಗಸದಿಂದ ಕೊಯ್ದು ತೆಗೆದರು. ಕೆಳಭಾಗದ ಸುತ್ತ, ನೀರು ಸೇರಿ ನಿಲ್ಲುವ ಮಟ್ಟಕ್ಕಿಂತ ಮೇಲೆ, ಅಂಗೈಯಗಲದ ಕಿಟಕಿಗಳನ್ನು ಕತ್ತರಿಸಿದರು. ಒಳಗೆ ಪ್ಲಾಸ್ಟಿಕ್ ಜಾಳಿಗೆಯ ಒಂದು ಅಟ್ಟ. ಆ ಅಟ್ಟದ ಮೇಲೆ, ಮನೆಯ ವೈರಿಂಗಿಗೆ ಬಳಸುವ ಪಿವಿಸಿ ಪೈಪನ್ನು ಒಂದೊಂದು ಇಂಚಿಗೆ ತುಂಡರಿಸಿ ಸುರುವಿದರು. ಆ ತುಂಡುಗಳನ್ನು ಕೊಯ್ದವರು ನಾನು ಮತ್ತು ಅಕ್ಕನ ಮಗ. ಎರಡು ಸಂಜೆ ಮನೆಯೆಲ್ಲ ಬಿಳಿ ಹೊಟ್ಟು. ತುಂಡುಗಳ ಮೇಲೆ ಹರಿಯುವಾಗ ನೀರು ತೆಳ್ಳಗೆ ಹರಡಿಕೊಳ್ಳಬೇಕು, ಗಾಳಿಗೆ ಹೆಚ್ಚು ಮೈ ತೋರಿಸಬೇಕು, ಅದಕ್ಕೆ ಈ ಉಪಾಯ. ತುಂಡುಗಳ ಮೇಲೆ ಸಣ್ಣ ತೂತು ಕೊರೆದ ಪೈಪಿನ ಷವರ್. ಎಲ್ಲಕ್ಕಿಂತ ಮೇಲೆ ಹಳೆ ಕಂಪ್ಯೂಟರ್ ಡಬ್ಬಿಯಿಂದ ಕಳಚಿದ 12 ವೋಲ್ಟಿನ, 120 ಮಿಲಿಮೀಟರಿನ ಫ್ಯಾನು, ಗಾಳಿಯನ್ನು ಮೇಲಕ್ಕೆ ಎಳೆಯುವಂತೆ ಬೋರಲು ಹಾಕಿದ್ದು. ತೊಟ್ಟಿಯ ನೀರನ್ನು ಮೇಲಕ್ಕೆತ್ತಲು ನಾಲ್ಕೈದು ವ್ಯಾಟಿನ ಸಣ್ಣ ಡಿಸಿ ಪಂಪು. ತೊಟ್ಟಿಯ ಮೇಲಿನ ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆದು ಕ್ಯಾನನ್ನು ಕೂರಿಸಿದರು. ಕ್ಯಾನಿನ ಬಾಯಿಯಿಂದ ದಪ್ಪ ಪೈಪು ನೇರ ತೊಟ್ಟಿಗೆ.

ಪಂಪನ್ನು ತೊಟ್ಟಿಯ ತಳದಲ್ಲಿಡಲು ಹೋದ ಹುಡುಗನನ್ನು ಕಾಕಾ ತಡೆದರು. ನೀರಿನ ಮಟ್ಟದಿಂದ ನಾಲ್ಕು ಬೆರಳು ಕೆಳಗೆ, ಅಷ್ಟೇ ಆಳದಲ್ಲಿ ತೂಗುಹಾಕಿಸಿದರು. ಕಾರಣ ಆಗ ಹೇಳಲಿಲ್ಲ. ಮೇ ತಿಂಗಳಲ್ಲಿ ಒಂದು ರಾತ್ರಿ ವಾಪಸು ಬರುವ ಪೈಪಿಗೆ ಎಲೆಯೊಂದು ಸಿಕ್ಕಿಕೊಂಡು ಕಟ್ಟಿತು. ಕ್ಯಾನು ತುಂಬಿ ಕಿಟಕಿಯಿಂದ ನೀರು ನೆಲಕ್ಕೆ ಹರಿಯಿತು. ಬೆಳಿಗ್ಗೆ ನೋಡಿದರೆ ಪಂಪು ಗಾಳಿ ಕುಡಿಯುತ್ತ ಒದರುತ್ತಿತ್ತು. ಮೀನುಗಳು ಮುಕ್ಕಾಲು ತೊಟ್ಟಿ ನೀರಿನಲ್ಲಿ ನೆಮ್ಮದಿಯಾಗಿದ್ದವು. ತಳದಲ್ಲಿಟ್ಟಿದ್ದರೆ ಅಷ್ಟೂ ನೀರು ಹಾಲ್‌ನ ನೆಲದ ಮೇಲಿರುತ್ತಿತ್ತು.

ವೈರುಗಳ ವಿಷಯದಲ್ಲಿಯೂ ಅವರದೇ ಹಟ. ಪ್ರತಿ ತಂತಿಯೂ ಸಾಕೆಟ್ಟಿಗಿಂತ ಕೆಳಗೆ ಒಂದು ಜೋಲು ಬಿದ್ದು ಮೇಲೇರಬೇಕು. ತಂತಿಗುಂಟ ಇಳಿದ ಹನಿ ಆ ಜೋಲಿನ ತುದಿಯಿಂದ ನೆಲಕ್ಕೆ ಬೀಳುತ್ತದೆ, ಬೋರ್ಡಿನೊಳಗೆ ಹೋಗುವುದಿಲ್ಲ. ಫ್ಯಾನು ಪಂಪು ಎರಡೂ ಸೇರಿ 10 ವ್ಯಾಟ್ ದಾಟುತ್ತಿರಲಿಲ್ಲವಾದ್ದರಿಂದ ಯುಪಿಎಸ್ಸಿನ ಪುಟ್ಟ ಬ್ಯಾಟರಿಯೊಂದನ್ನು ಸೇರಿಸಿದೆವು. ಕರೆಂಟ್ ಹೋದರೂ ನಾಲ್ಕೈದು ಗಂಟೆ ಮೀನಿನ ಕೂಲರ್ ತಿರುಗುತ್ತಿತ್ತು. ಮನುಷ್ಯರ ಕೂಲರ್ ನಿಂತಿರುತ್ತಿತ್ತು. ಇದನ್ನು ಅವ್ವ ಬಂದವರಿಗೆಲ್ಲ ಹೇಳಿದಳು.

ಚಾಲೂ ಮಾಡಿದ ದಿನ ತೊಟ್ಟಿ 33ರಲ್ಲಿತ್ತು. ಕಾಕಾ ಫ್ಯಾನನ್ನು ಒಮ್ಮೆಲೆ ಬಿಡಲಿಲ್ಲ. ಸ್ವಲ್ಪ ಹೊತ್ತು ಹಾಕುವುದು, ಆರಿಸುವುದು. ತಾಸಿಗೆ ಒಂದು ಡಿಗ್ರಿಗಿಂತ ಹೆಚ್ಚು ಇಳಿಯದಂತೆ ಕಾಯುತ್ತ ಕುಂತರು. ರಾತ್ರಿ ಊಟದ ಹೊತ್ತಿಗೆ 29. ಮರುದಿನ ಮಧ್ಯಾಹ್ನ, ಹೊರಗೆ ಡಾಂಬರು ಕರಗುವ ಹೊತ್ತಿನಲ್ಲಿ, 26. ಪೈಲ್ವಾನ ಮೂಲೆ ಬಿಟ್ಟು ತಳದ ಹರಳುಗಳನ್ನು ಬಾಯಿಂದ ಎತ್ತಿ ಉಗುಳುತ್ತ ಓಡಾಡುತ್ತಿದ್ದ.

ಅದಾದ ಮೇಲೆ ಹೊಸ ತಕರಾರು ಶುರುವಾಯಿತು, ರಾತ್ರಿಯದು. ರಾತ್ರಿ ಹೊರಗಿನ ಗಾಳಿ ತಣ್ಣಗಾದಾಗಲೂ ಫ್ಯಾನು ಎಳೆಯುತ್ತಲೇ ಇದ್ದು ನೀರು 22ಕ್ಕೆ ಇಳಿದುಬಿಡುತ್ತಿತ್ತು; ಹಗಲು ಮತ್ತೆ 26. ಅಕ್ಕನ ಮಗನ ಪಾರ್ಸೆಲ್ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು. ನೀರಿನೊಳಗೆ ಇಳಿಬಿಡುವ ಸೆನ್ಸರ್ ಇರುವ ಒಂದು ಸಣ್ಣ ಥರ್ಮೋಸ್ಟಾಟ್ ಬೋರ್ಡ್ ಹಚ್ಚಿದ. 26 ಮುಟ್ಟಿದರೆ ಫ್ಯಾನ್ ಹತ್ತಬೇಕು, 25ಕ್ಕೆ ಆರಬೇಕು. ಪಂಪು ಮಾತ್ರ ಸದಾ ಓಡಬೇಕು. ಅದರಿಂದಲೂ ಒಂದು ಲಾಭ ಸಿಕ್ಕಿತು. ಕೆಲವು ವಾರಗಳಲ್ಲಿ ಪಿವಿಸಿ ತುಂಡುಗಳ ಮೇಲೆ ಜಿಗುಟಾದ ಕಂದು ಪೊರೆ ಬೆಳೆಯಿತು. ಅಮೋನಿಯಾವನ್ನು ತಿಂದು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಹೀಗೆ ಒದ್ದೆಯೂ ಗಾಳಿಯೂ ಒಟ್ಟಿಗೆ ಇರುವ ಜಾಗವೇ ಬೇಕು. ಕೂಲರ್ ಮಾಡಲು ಹೋಗಿ ಒಳ್ಳೆಯ ಫಿಲ್ಟರೂ ಆಗಿತ್ತು. ಆಮ್ಲಜನಕವಂತೂ ಕೇಳುವುದೇ ಬೇಡ.

ಇಷ್ಟು ಕೇಳಿದವರು ಇದಕ್ಕೆ ಖರ್ಚೇ ಇಲ್ಲವಲ್ಲ ಎನ್ನುತ್ತಾರೆ. ಖರ್ಚು ನೀರಿನದು. ಬೇಸಿಗೆಯ ನಡುವೆ ದಿನಕ್ಕೆ ನಾಲ್ಕೈದು ಲೀಟರ್ ಆವಿಯಾಗಿ ಹೋಗುತ್ತಿತ್ತು. ಭೀಮೆಯ ನೀರು, ಬೆಣ್ಣೆತೊರೆಯ ನೀರು ನಲ್ಲಿಗೆ ಬರುವ ದಿನವನ್ನು ಕಾದು ಕೂತ ಊರಿನಲ್ಲಿ ನಾಲ್ಕೈದು ಲೀಟರ್ ಎಂದರೆ ಹಗುರ ಮಾತಲ್ಲ. ಇನ್ನೂ ಒಂದು ಇದೆ. ಹೋಗುವುದು ನೀರು ಮಾತ್ರ. ಅದರಲ್ಲಿದ್ದ ಉಪ್ಪು, ಸುಣ್ಣ ಎಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಬೋರಿನ ನೀರನ್ನೇ ಸುರಿಯುತ್ತ ಹೋದರೆ ಉಪ್ಪಿನ ಮೇಲೆ ಉಪ್ಪು. ಷವರಿನ ತೂತುಗಳ ಸುತ್ತ ಬಿಳಿ ಚಕ್ಕೆ ಕಟ್ಟಿದ್ದನ್ನು ಕಾಕಾ ಉಗುರಿನಿಂದ ಕೆರೆದು, ಮಗಳ ಅಂಗೈಗೆ ಹಾಕಿ, ಲಿಂಬೆರಸ ಹಿಂಡಿ ತೋರಿಸಿದರು. ಚಕ್ಕೆ ಚುಂಯ್ ಎಂದು ನೊರೆ ಬಿಟ್ಟಿತು. ಅಂದಿನಿಂದ ತೊಟ್ಟಿಯಲ್ಲಿ ಕಡಿಮೆಯಾದಷ್ಟಕ್ಕೆ ಆರ್‌ಓ ಶುದ್ಧೀಕರಿಸಿದ ನೀರು, ಆರ್‌ಓ ಹೊರಗೆ ಬಿಡುವ ನೀರು ಮನುಷ್ಯರ ಕೂಲರಿಗೆ ಎಂದು ಹಂಚಿಕೆಯಾಯಿತು. ವಾರಕ್ಕೊಮ್ಮೆ ತೊಟ್ಟಿಯ ಕಾಲುಭಾಗ ನೀರು ಬದಲಿಸುವುದು ತಪ್ಪಲಿಲ್ಲ.

ಟವರು ಕೋಣೆಯ ಗಾಳಿಯನ್ನು ತೊಳೆದು ತೊಟ್ಟಿಗೆ ಇಳಿಸುತ್ತದೆ ಎನ್ನುವುದನ್ನೂ ಮರೆಯಬಾರದು. ಕಿಟಕಿಗಳಿಗೆ ಸೊಳ್ಳೆ ಪರದೆಯ ಬಟ್ಟೆ ಅಂಟಿಸಿದ ಮೇಲೂ ಧೂಳು ನೀರಿಗೆ ಸೇರುತ್ತಿತ್ತು, ಅದು ಹೋಗಲಿ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಚುಚ್ಚುವ ಸೊಳ್ಳೆ ಔಷಧಿಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ರಾಸಾಯನಿಕ ಮನುಷ್ಯರನ್ನು ಬಿಟ್ಟರೂ ಮೀನನ್ನು ಬಿಡುವುದಿಲ್ಲ. ಹಾಲ್‌ನಲ್ಲಿ ಅದಕ್ಕೆ ಬಂದಿ ಬಿತ್ತು. ಸೊಳ್ಳೆ ಪರದೆ ಕಟ್ಟಿಕೊಂಡು ಮಲಗಿದೆವು.

ಇನ್ನು ಮಂಗಳೂರಿನ ಪ್ರಸಂಗ. ತಂಗಿಯನ್ನು ಕೊಟ್ಟಿರುವುದು ಅಲ್ಲಿಗೆ. ವಿಡಿಯೊ ಕರೆಯಲ್ಲಿ ನಮ್ಮ ಟವರು ನೋಡಿ, ಅಳತೆ ಬರೆದುಕೊಂಡು, ತಾನೂ ಮಾಡಿಸಿದಳು. ನಮ್ಮದಕ್ಕಿಂತ ಅಚ್ಚುಕಟ್ಟಾಗಿತ್ತು, ಫ್ಯಾನೂ ದೊಡ್ಡದು. ವಾರ ಕಳೆಯುವಷ್ಟರಲ್ಲಿ ಫೋನ್ ಬಂತು.

“ಕಾಕಾ, ಏನೂ ತಣ್ಣಗಾಗವಲ್ದು. ಒಂದು ಡಿಗ್ರಿನೂ ಪೂರಾ ಇಳಿದಿಲ್ಲ. ಗ್ವಾಡಿಗಿ ಬೂಸು ಹಿಡದದ, ಇವರು ಬೈಲತ್ತಾರ.”

“ಯವ್ವಾ, ಥರ್ಮಾಮೀಟರಿಗಿ ಹಸಿ ಅರಿವಿ ಕಟ್ಟಿ ಫ್ಯಾನಿಗಿ ಹಿಡದಿ ಏನು?”

ಹಿಡಿದಿರಲಿಲ್ಲ. ಹಿಡಿದು ನೋಡಿ ಹೇಳಿದಳು: ಕೋಣೆ 33, ಒದ್ದೆ ಬಟ್ಟೆ 29. ಕಾಕಾ ನಕ್ಕುಬಿಟ್ಟರು. “ನಿಮ್ಮೂರ ಗಾಳಿ ಸಮುದ್ರಾನೇ ಕುಡದು ಬಂದದ, ಅದಕ್ಕ ನಿನ್ನ ತೊಟ್ಟಿ ನೀರು ಏನು ರುಚಿ?” ಕಲಬುರಗಿಯ 42ಕ್ಕಿಂತ ಮಂಗಳೂರಿನ 33 ಸುಖ ಎಂದು ನಾವು ತಿಳಿದಿದ್ದೆವು. ಮೀನಿನ ಲೆಕ್ಕದಲ್ಲಿ ಅದು ತಿರುಗುಮುರುಗು. ತಂಗಿ ಕೊನೆಗೆ ಜಾಣ ದಾರಿ ಹಿಡಿದಳು. ಟವರು ಬಿಚ್ಚಿ, ಗೋಲ್ಡ್ ಫಿಶ್‌ಗಳನ್ನು ಪರಿಚಯದವರ ಕೆರೆಯಂಥ ದೊಡ್ಡ ತೊಟ್ಟಿಗೆ ಕೊಟ್ಟು, 28–30 ಡಿಗ್ರಿಯಲ್ಲೇ ಹಿತವಾಗಿರುವ ಡಿಸ್ಕಸ್ ಮೀನು ಸಾಕಿದಳು. ಊರಿಗೆ ತಕ್ಕ ಮೀನು ಸಾಕುವುದು ಯಾವ ಯಂತ್ರಕ್ಕಿಂತಲೂ ಅಗ್ಗ. ಇದು ನನ್ನ ಅಭಿಪ್ರಾಯ. ಮಗಳೆದುರು ಹೇಳುವ ಧೈರ್ಯ ನನಗಿಲ್ಲ.

ಜೂನ್‌ನಲ್ಲಿ ಮಳೆ ಹಿಡಿದಾಗ ನಮ್ಮೂರ ಗಾಳಿಯ ನೀರಡಿಕೆಯೂ ತೀರಿತು. ಫ್ಯಾನು ದಿನವಿಡೀ ತಿರುಗಿದರೂ ಹೆಚ್ಚೇನೂ ಇಳಿಸುತ್ತಿರಲಿಲ್ಲ. ಇಳಿಸುವ ಅಗತ್ಯವೂ ಉಳಿದಿರಲಿಲ್ಲ. ಹಸಿ ಗಾಳಿಯಲ್ಲೇ ಇದ್ದೂ ಇದ್ದೂ ತುಕ್ಕು ಹಿಡಿದ ಆ ಫ್ಯಾನು ಮರು ಬೇಸಿಗೆಗೆ ಕೈಕೊಟ್ಟಿತು, ಬೇರೆ ಹಾಕಿದೆವು. ಕ್ಯಾನು, ತುಂಡುಗಳು, ಷವರು ಅವೇ ಇವೆ. ಕಾಕಾ ಈಗಲೂ ಮಾರ್ಚ್ ಕೊನೆಗೆ ಷವರು ಬಿಚ್ಚಿ ಚಕ್ಕೆ ಕೆರೆಯುತ್ತಾರೆ.

ರಾಯಚೂರು, ಬಳ್ಳಾರಿ, ವಿಜಯಪುರ, ಬೀದರ್ ಕಡೆ ಮೀನು ಸಾಕುವವರು ಯಾರಾದರೂ ಇದನ್ನು ಮಾಡಹೊರಟರೆ ನನ್ನದೊಂದು ಮಾತು. ಕ್ಯಾನು ಕೊಯ್ಯುವ ಮೊದಲು ಥರ್ಮಾಮೀಟರಿಗೆ ಒದ್ದೆ ಬಟ್ಟೆ ಕಟ್ಟಿ ಫ್ಯಾನಿನೆದುರು ಹಿಡಿಯಿರಿ. ಅಲ್ಲಿ ಬಂದ ಅಂಕಿಗೆ ಐದು ಕೂಡಿಸಿ. ನಿಮ್ಮ ಮೀನಿಗೆ ಆ ಶಾಖ ಸಹಿಸಲು ಆಗುವುದಾದರೆ ಕೆಲಸ ಶುರು ಮಾಡಿ, ಇಲ್ಲವಾದರೆ ಬೇರೆ ಮೀನು ನೋಡಿ. ಪಂಪು, ಫ್ಯಾನು 12 ವೋಲ್ಟಿನವೇ ಇರಲಿ, ಮತ್ತು ತೊಟ್ಟಿಗೆ ಕೈ ಹಾಕುವ ಮುಂಚೆ ಪ್ಲಗ್ ಕೀಳಿ.